ದ್ರಾಕ್ಷಿಯ ತೆಗ್ಗಿಗೆ ಬಿದ್ದ ಮೀನು

ನಾನು ಸಮುದ್ರ ಕಂಡವಳಲ್ಲ. ಆದರೆ ಮದುವೆಯಾಗಿ ವಿಜಾಪುರದ ಮನೆಗೆ ಕಾಲಿಟ್ಟ ದಿನವೇ ಅದರ ವಾಸನೆ ಮೂಗಿಗೆ ಹೊಡೆಯಿತು. ಅತ್ತೆ ಒಣಮೀನಿನ ವ್ಯಾಪಾರದವಳು. ಪಡಸಾಲೆಯ ಮೂಲೆಯಲ್ಲಿ ಬಂಗಡೆ, ತಾರ್ಲೆ, ಸೀಗಡಿಯ ಚೀಲಗಳು. ಹೊದ್ದುಕೊಳ್ಳುವ ಕೌದಿಗೂ ಅದೇ ವಾಸನೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅತ್ತೆ ನೋಡಿದಳು.

"ಮುಚ್ಚಿಕೋ, ಮುಚ್ಚಿಕೋ. ಹಸಿವಾದಾಗ ತಾನಽ ತಗೀತಿ," ಎಂದಳು. ಸಂಜೆಗೇ ತೆಗೆದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಗಂಡ ಟಾಂಗಾ ಹೊಡೆಯುತ್ತಿದ್ದ. ಅವನು ದುಡಿದದ್ದರಲ್ಲಿ ಹೆಚ್ಚಿನದನ್ನು ಕುದುರೆಯೇ ತಿಂದು ಮುಗಿಸುತ್ತಿತ್ತು. ಮನೆ ನಡೆಯುತ್ತಿದ್ದದ್ದು ಅತ್ತೆಯ ತಕ್ಕಡಿಯಿಂದ. ಮನೆಯಲ್ಲಿ ನಮ್ಮದು ಉರ್ದು. ಅತ್ತೆ ಸಂತೆಯಲ್ಲಿ ಕೂತಳೆಂದರೆ ಅವಳ ಬಾಯಲ್ಲಿ ಕನ್ನಡ ಅರಳು ಹುರಿದ ಹಾಗೆ ಸಿಡಿಯುತ್ತಿತ್ತು. ಬಬಲೇಶ್ವರದ ಸಂತೆಗೂ ತಿಕೋಟಾದ ಸಂತೆಗೂ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಂಡಕ್ಟರ್ ಚೀಲಗಳನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿ ನಮ್ಮನ್ನು ಕಟ್ಟಕಡೆಯ ಸೀಟಿಗೆ ಅಟ್ಟುತ್ತಿದ್ದ. ಸಂತೆಯಲ್ಲೂ ಅಷ್ಟೇ. ಗಾಳಿ ಯಾವ ಕಡೆ ಹೋಗುತ್ತದೋ ಆ ತುದಿಯಲ್ಲಿ ನಮ್ಮ ಜಾಗ. ನನಗೆ ಮೈ ಉರಿಯುತ್ತಿತ್ತು. ಅತ್ತೆಗೆ ಅದರ ಗೊಡವೆಯೇ ಇರಲಿಲ್ಲ. "ನಾವು ಒದರೂದು ಬ್ಯಾಡ. ವಾಸನೀನಽ ಹೋಗಿ ಗಿರಾಕಿ ಕರಕೊಂಡ ಬರತೈತಿ," ಎನ್ನುತ್ತಿದ್ದಳು. ಹಾಗೇ ಆಗುತ್ತಿತ್ತು. ನಿಡೋಣಿ ಕಡೆಯ ಕುರಿಯವರ ಹೆಂಗಸರು ಬಂದು ಒಂದೊಂದೇ ಬಂಗಡೆ ಎತ್ತಿ, ತೂಗಿ ನೋಡಿ, ಚೌಕಾಸಿ ಮಾಡಿ ಒಯ್ಯುತ್ತಿದ್ದರು. ಕೆಂಡದ ಮೇಲೆ ಸುಟ್ಟ ಅದರ ಒಂದು ತುಂಡಿದ್ದರೆ ಎರಡು ರೊಟ್ಟಿ ಹೋದದ್ದೇ ತಿಳಿಯುವುದಿಲ್ಲ.

ಆ ಮೀನು ನಮಗೆ ಬರುತ್ತಿದ್ದದ್ದು ಕಾರವಾರದ ಕಡೆಯ ಒಬ್ಬ ವಿಧವೆಯಿಂದ. ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮುನ್ನ, ಲಾರಿಯಲ್ಲಿ ಚೀಲಗಳ ಜೊತೆ ತಾನೂ ಬಂದು ನಮ್ಮಲ್ಲಿ ಉಳಿದು ಹೋಗುವಳು. ಅವಳಿಗೆ ದೋಣಿಯಿಲ್ಲ, ಬಲೆಯಿಲ್ಲ. ಆದರೆ ಅವರೂರಿನಲ್ಲಿ ರಂಪಣಿ ಎಂಬ ಭಾರೀ ಬಲೆ ಇತ್ತಂತೆ. ದೋಣಿಯವರು ಅದನ್ನು ದಡದ ಹತ್ತಿರವೇ ನೀರಿನಲ್ಲಿ ಬಿಟ್ಟು ಬಂದ ಮೇಲೆ ಇಡೀ ಊರು ಮರಳಿನಲ್ಲಿ ನಿಂತು ಹಗ್ಗ ಜಗ್ಗಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಮುದುಕರಿಗೂ ಪಾಲು, ಗಂಡ ಸತ್ತವರಿಗೂ ಪಾಲು. ಅವಳ ಪಾಲಿನ ಮೀನೇ ಉಪ್ಪು ಹಿಡಿದು, ಬಿಸಿಲುಂಡು ನಮ್ಮ ಪಡಸಾಲೆಗೆ ಬರುತ್ತಿದ್ದದ್ದು.

"ಮಳೆಗಾಲದಲ್ಲಿ ಬಲೆ ಬಿಡೂದಿಲ್ಲ. ಆಗ ಮೀನು ಮೊಟ್ಟೆ ಇಡ್ತದೆ," ಎಂದು ಅವಳು ಒಮ್ಮೆ ಹೇಳಿದಾಗ ಅತ್ತೆ, "ಹೌದ ಮತ್ತ. ಬಿತ್ತೂ ಜ್ವಾಳಾ ಯಾರರ ಬೀಸ್ಕೊಂಡ ತಿಂತಾರೇನು?" ಎಂದಿದ್ದಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿತ್ತು. ತಿಳಿಯದ ಅರ್ಧಕ್ಕೆ ಇಬ್ಬರೂ ನಗುತ್ತಿದ್ದರು.

ಬರಬರುತ್ತ ಮೀನು ಸಣ್ಣದಾಯಿತು. ಮೊದಲು ಅಂಗೈ ಮೀರುತ್ತಿದ್ದ ಬಂಗಡೆ ಬೆರಳಿನಷ್ಟಾಯಿತು. ಗಿರಾಕಿಗಳು ಬಿಡುತ್ತಾರೆಯೇ? "ಇದೇನಬೇ, ತೊಟ್ಟಲದಾಗಿಂದ ಎತ್ತಿಕೊಂಡ ಬಂದೀಯೇನು ಇವನ್ನ?" ಎಂದು ಒಬ್ಬಳು ಕೇಳಿದರೆ ಅತ್ತೆ, "ದೊಡ್ಡವು ಲಗ್ನಕ್ಕ ಹೋಗ್ಯಾವ ತಂಗಿ, ಮುಂದಿನ ಸಂತಿಗೆ ಬರತಾವ," ಎಂದು ನಗಿಸಿ ಕಳಿಸುತ್ತಿದ್ದಳು. ಮನೆಗೆ ಬಂದು ಚೀಲದಲ್ಲಿ ಕೈಯಾಡಿಸುವಾಗ ಮಾತ್ರ ಅವಳ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಕಾರವಾರದವಳು ಕಡೆಯ ಸಲ ಬಂದಾಗ ಅವಳ ಜೊತೆ ಇದ್ದದ್ದು ಅರ್ಧ ಚೀಲ. ಊಟಕ್ಕೆ ಕೂತವಳು ತಟ್ಟೆ ಮುಟ್ಟದೆ ಹೇಳಿದಳು: "ಮಶೀನು ಬೋಟು ಬಂದ್ವು. ದೂರದಲ್ಲೇ ಮೀನಿಗೆ ಬಲೆ ಸುತ್ತಿ ಹಿಂಡಿಗೆ ಹಿಂಡೇ ಎತ್ತತಾರೆ. ಮೊಟ್ಟೆ ಇದ್ದದ್ದು ನೋಡೂದಿಲ್ಲ, ಮರಿ ನೋಡೂದಿಲ್ಲ. ದಡಕ್ಕೆ ಬರೂದು ಎಣ್ಣೆ ಜಿಡ್ಡು ಒಂದೇ. ಬೆಳಗಿಂದ ಹಗ್ಗ ಜಗ್ಗತೇವೆ ಅಕ್ಕ, ಬರೀ ಬಲೆ ಬರ್ತದೆ." ಅವಳು ಅತ್ತಳು. ಅತ್ತೆಗೆ ಸಮಾಧಾನ ಹೇಳುವುದು ಗೊತ್ತಿಲ್ಲ. ತನ್ನ ತಟ್ಟೆಯ ರೊಟ್ಟಿಯನ್ನೂ ಅವಳ ತಟ್ಟೆಗೆ ಹಾಕಿದಳು.

ಮರುವರ್ಷ ಅವಳು ಬರಲಿಲ್ಲ. ಲಾರಿ ಅಡ್ಡೆಗೆ ಹೋಗಿ ಹೋಗಿ ನನ್ನ ಕಾಲು ಸೋತವು. ಬೇರೆ ವ್ಯಾಪಾರಿಗಳ ಹತ್ತಿರ ಕೇಳಿದರೆ ಅವರ ಚೀಲಗಳೂ ಖಾಲಿ. ಇದ್ದವರು ಹೇಳುವ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅತ್ತೆ ಮೆಣಸಿನಕಾಯಿ ಇಟ್ಟುಕೊಂಡು ಕೂತು ನೋಡಿದಳು. ಮೀನಿನವಳ ಮೆಣಸಿನಕಾಯಿ ಯಾರಿಗೆ ಬೇಕು? ನೀರು ಕಾಸುವ ತಾಮ್ರದ ಹಂಡೆ ಮನೆ ಬಿಟ್ಟು ಹೋಯಿತು. ನಾವು ಅಂಬಲಿ ಕುಡಿದು ಮಲಗುವುದನ್ನು ಕಲಿತೆವು.

ಅಂಥ ದಿನಗಳಲ್ಲೇ ತಿಕೋಟಾದ ಸಂತೆಯಲ್ಲಿ ಒಬ್ಬ ಜೀಪಿನವನು ಸುದ್ದಿ ಹೇಳಿದ: "ಯವ್ವಾ, ಇಲ್ಲೇ ಹೊರಗ ದ್ರಾಕ್ಷಿ ಹಚ್ಚಾಕತ್ತಾರಲ್ಲ, ಆ ತೋಟಕ್ಕ ಕಾರವಾರದಿಂದ ಒಣಮೀನಿನ ಲಾರಿ ಬಂದೈತಿ. ತುಂಬಿದ ಲಾರಿ!"

ಅತ್ತೆ ಮೆಣಸಿನಕಾಯಿ ಹಾಗೇ ಗಂಟು ಕಟ್ಟಿದಳು. ಒಣಮೀನು ಬಂದಿದೆ ಎಂದರೆ ಮಾರಲು ಬಂದಿದೆ. ಅವಳ ಇಷ್ಟು ವರ್ಷದ ಬದುಕಿನಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಖಾಲಿ ಚೀಲ ಹೆಗಲಿಗೆ ಹಾಕಿ, ತಕ್ಕಡಿ ಹಿಡಿದು, ಬಿಸಿಲಲ್ಲಿ ನನಗಿಂತ ಮುಂದೆ ನಡೆದಳು. "ಅಕಿನೂ ಬಂದಿರಬೇಕ ನೋಡ, ಲಾರಿ ಕೂಡ," ಎನ್ನುತ್ತಲೇ ಇದ್ದಳು. ನನಗೂ ಆಸೆ ಹುಟ್ಟಿತು. ರಾತ್ರಿ ಒಲೆ ಹತ್ತೀತು ಎಂದುಕೊಂಡೆ.

ತೋಟದಲ್ಲಿ ಸಾಲುಸಾಲಾಗಿ ತೆಗ್ಗು ತೋಡಿದ್ದರು. ಪಕ್ಕದಲ್ಲಿ ಮೀನಿನ ಗುಡ್ಡೆ. ಮೇಲೆ ಕಾಗೆ, ಕೆಳಗೆ ನಾಯಿ. ತೋಟದ ಸಾವುಕಾರರು ಟವೆಲ್ಲಿನಿಂದ ಮೂಗು ಕಟ್ಟಿಕೊಂಡು ದೂರ ನಿಂತಿದ್ದರು. ಸಂತೆಯಲ್ಲಿ ನಮ್ಮ ಗಾಳಿ ಸೋಕಿದರೆ ಮನೆಗೆ ಹೋಗಿ ಸ್ನಾನ ಮಾಡುವಂಥ ಮನೆತನ ಅವರದು.

"ಹೆಂಗ ಕೊಡತೀರಿ ಸಾವುಕಾರ್ರ?" ಅತ್ತೆ ಕೇಳಿದಳು.

"ಏನು?"

"ಮೀನ್ರಿ."

ಅವರು ನಕ್ಕರು. "ಇದ ಮಾರೂದಲ್ಲಬೇ. ಗೊಬ್ಬರ. ದ್ರಾಕ್ಷಿ ಬೇರಿಗೆ ಹಾಕೂದು."

ಅತ್ತೆ ತಕ್ಕಡಿ ಕೆಳಗಿಟ್ಟು ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮಾರುವಂಥ ನಾಲ್ಕಾದರೂ ಸಿಕ್ಕಾವೆಂದು ಎರಡೂ ಕೈಯಿಂದ ಆರಿಸತೊಡಗಿದಳು. ನಾನೂ ಕೂತೆ. ಉಗುರಿನಷ್ಟು ಮೀನು. ಅಂಗಿಯ ಗುಂಡಿಯಷ್ಟು ಏಡಿ. ನಾನು ಹೆಸರೇ ಅರಿಯದ ಎಷ್ಟೋ ಜೀವಗಳು, ಎಲ್ಲವೂ ಎಳೆಯವು, ಎಲ್ಲವೂ ಒಣಗಿ ಒಂದಕ್ಕೊಂದು ಅಂಟಿದ್ದವು. ಹೊಟ್ಟೆ ತುಂಬಿದ್ದ ಒಂದನ್ನು ಅತ್ತೆ ಎತ್ತಿದಾಗ ಅದು ಒಡೆದು, ತತ್ತಿಗಳು ಗಸಗಸೆಯ ಹಾಗೆ ಅವಳ ಅಂಗೈಗೆ ಉದುರಿದವು. ಅವಳು ಆ ಕೈಯನ್ನು ಬಹಳ ಹೊತ್ತು ಹಾಗೇ ಹಿಡಿದಿದ್ದಳು.

ಲಾರಿಯ ಡ್ರೈವರ್ ನೆರಳಲ್ಲಿ ಬೀಡಿ ಸೇದುತ್ತಿದ್ದ. "ಬೋಟಿನವರು ಮಾರೂ ಮೀನ ತಗದು ಉಳದದ್ದ ಇದು," ಎಂದ. "ಸಮುದ್ರದ ದಂಡಿ ಮ್ಯಾಲ ರಾಶಿ ಬಿದ್ದಿರತೈತಿ."

"ರಂಪಣಿ ಜಗ್ಗತಿದ್ರಲ್ಲಪಾ, ಅವ್ರು?" ಅತ್ತೆ ಕೇಳಿದಳು.

"ಎಲ್ಲಿ ರಂಪಣಿ ಯವ್ವಾ? ಆ ಹೆಂಗಸರಽ ಈಗ ಕೂಲಿಗೆ ಬಂದು ಇದನ್ನ ಚೀಲಕ್ಕ ತುಂಬತಾರ."

ಅತ್ತೆ ಖಾಲಿಯಾದ ಚೀಲವೊಂದನ್ನು ಎಳೆದುಕೊಂಡು ಹೊರಳಿಸಿ ಹೊರಳಿಸಿ ನೋಡಿದಳು, ಕಾರವಾರದವಳ ಕೈಯ ಗುರುತೇನಾದರೂ ಸಿಕ್ಕೀತೆಂದು. ಎಲ್ಲ ಚೀಲಗಳೂ ಒಂದೇ ಥರ ಇದ್ದವು.

ಅಷ್ಟರಲ್ಲಿ ಸಾವುಕಾರರು ಹತ್ತಿರ ಬಂದರು. "ನಮ್ಮ ಆಳ ಯಾರೂ ಇದನ್ನ ಮುಟ್ಟವಲ್ರು. ನಿಮಗ ರೂಢಿ ಐತಿ. ತೆಗ್ಗಿಗೆ ಹಾಕಿ ಮಣ್ಣ ಎಳೀರಿ, ಕೂಲಿ ಕೊಡತೇನಿ."

ಅತ್ತೆ ಬೈಯಲಿ ಎಂದು ನಾನು ಕಾದೆ. ಅವಳ ಬಾಯಿ ಎಂಥದೆಂದು ಎರಡೂ ಸಂತೆಗೆ ಗೊತ್ತಿತ್ತು. ಆದರೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎತ್ತಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳುವೂ ಬಂತು.

"ಅಳಬ್ಯಾಡ. ನಮಗ ಇದ ಬಿಟ್ರ ಮತ್ತೇನ ಬರತೈತಿ?" ಎಂದಳು.

ತೆಗ್ಗಿನಿಂದ ತೆಗ್ಗಿಗೆ ಸುರಿಯುತ್ತ ಹೋದೆವು. ಅವಳು ಸುರಿದಳು, ನಾನು ಮಣ್ಣು ಎಳೆದೆ. ಉಪ್ಪು ಬೆರಳ ಸಂದಿಗೆ ಇಳಿದು ಉರಿಯಿತು.

ಹೊತ್ತು ಇಳಿದಾಗ ಸಾವುಕಾರರು ಕೂಲಿ ಕೊಟ್ಟರು. ಕೆಲಸ ನೋಡಿ ಖುಷಿಯಾಗಿದ್ದರು. "ಬರೂ ವರ್ಷ ಆಚೀ ಹೊಲಕ್ಕೂ ದ್ರಾಕ್ಷಿ ಹಚ್ಚಾಂವ ಇದ್ದೇನಿ. ನೀವಽ ಬರ್ರಿ."

"ನಾವು ಬರತೇವ್ರಿ. ಮೀನ ಎಲ್ಲಿಂದ ತರತೀರಿ?"

"ಸಮುದ್ರಕ್ಕೇನ ಬರಗಾಲ ಐತೇನಬೇ?" ಸಾವುಕಾರರು ನಕ್ಕರು.

ಅತ್ತೆ ಮುಚ್ಚಿದ ಸಾಲುಗಳ ಕಡೆ ಕೈ ಮಾಡಿದಳು. "ಬರೂ ವರ್ಷದ ಮೀನ ಅಲ್ಲೆ ಅದಾವ ನೋಡ್ರಿ, ಸಾವುಕಾರ್ರ. ಇವತ್ತ ನಾವಽ ಮುಚ್ಚಿ ಬಂದೇವಿ."