ಆಲಿಕೆಯ ಅಳತೆ

ಶಿರಾ ಗೇಟ್‌ನಲ್ಲಿ ನಲವತ್ತು ವರ್ಷದಿಂದ ಎಣ್ಣೆ ಸುರಿಯುವ ತಗಡಿನ ಆಲಿಕೆ ಮಾಡುತ್ತಿರುವ ಮುಖ್ತಾರ್ ಅಹಮದ್ ಸಾಹೇಬರಿಗೆ ಮೊಬೈಲ್ ಅಂದರೇ ಅನುಮಾನ. ಮೊಮ್ಮಗಳು ಐಮನ್ ಅದರಲ್ಲಿ ಲೆಕ್ಕ ಕಲಿಯುತ್ತಾಳೆ ಅಂದರೆ ನಂಬುವ ಪೈಕಿಯವರೇ ಅಲ್ಲ. ಹಿಂದಿನಿಂದ ಬಂದು ಇಣುಕುತ್ತಿದ್ದರು.

ಒಂದು ದಿನ ಇಣುಕಿದರೆ, ವಿಡಿಯೊದಲ್ಲಿ ಯಾರೋ ಮೇಷ್ಟ್ರು ನಗುನಗುತ್ತಾ ದುಂಡನೆಯ ಕಾಗದದಿಂದ ಒಂದು ಚೂರು ಕತ್ತರಿಸಿ, ಉಳಿದದ್ದನ್ನು ಸುತ್ತಿ ಶಂಕು ಮಾಡುತ್ತಿದ್ದರು. ಎಷ್ಟು ಕತ್ತರಿಸಬೇಕು ಅನ್ನುವ ಲೆಕ್ಕವನ್ನೂ ಹೇಳಿದರು.

"ಸುಳ್ಳು ಬೊಗಳ್ತಾನೆ," ಅಂತ ಸಾಹೇಬರು ಅದೇ ಲೆಕ್ಕಕ್ಕೆ ತಗಡು ಕತ್ತರಿಸಿದರು. ಅಂಚಿಗೆ ಅಂಚು ಕೂಡಿ, ಆಲಿಕೆ ಸರಿಯಾಗಿ ತಮ್ಮ ಅಳತೆಗೇ ಬಂತು.

ಸಾಹೇಬರು ಅಂಗಡಿ ಬಾಗಿಲು ಅರ್ಧ ಎಳೆದು ದನಿ ತಗ್ಗಿಸಿದರು. "ಈ ಅಳತೆ ಗುಟ್ಟನ್ನ ನಮ್ಮ ಅಬ್ಬಾ ನನ್ನೊಬ್ಬನಿಗೇ ಹೇಳಿದ್ದು. ನಿಜ ಹೇಳು, ಅವನಿಗೆ ಹೇಳಿದ್ದು ನೀನೇ ತಾನೆ?"

"ನಂಗೆ ನೀವು ಯಾವತ್ತು ಹೇಳ್ಕೊಟ್ರಿ, ದಾದಾ?" ಅಂದಳು ಐಮನ್.