ಸುಮ್ಮನೆ ಕೂರುವುದನ್ನು ಕಲಿಸುವ ಕೆರೆ ಮೇಷ್ಟ್ರು

ಭಾನುವಾರ ಬೆಳಗಿನ ಆರೂವರೆ. ಲಿಂಗಾಂಬುಧಿ ಕೆರೆಯ ಗೇಟಿನ ಬಳಿ ಮಕ್ಕಳು ವ್ಯಾನಿನಿಂದ ಇಳಿಯುತ್ತಿದ್ದಾರೆ. ಸಣ್ಣಮಾದಯ್ಯ ತಲೆ ಎಣಿಸುತ್ತಾರೆ. ಇಪ್ಪತ್ತೆರಡು. ಇನ್ನೊಮ್ಮೆ ಎಣಿಸುತ್ತಾರೆ, ಆಗಲೂ ಇಪ್ಪತ್ತೆರಡೇ. ಮೂರನೇ ಸಲಕ್ಕೆ ಹೊರಟವರು ಇವರ ಬಗ್ಗೆ ಬರೆಯಲು ಬಂದಿರುವ ನನ್ನನ್ನು ನೋಡಿ ನಾಚಿ ನಿಲ್ಲಿಸುತ್ತಾರೆ. ಕೊರಳಲ್ಲೊಂದು ವಿಷಲ್ ನೇತಾಡುತ್ತಿದೆ. ಅದು ಅವರದಲ್ಲ, ಪಿ.ಟಿ. ಮೇಷ್ಟ್ರಿಂದ ಕೇಳಿ ತಂದದ್ದು. ನಿಮಿಷಕ್ಕೊಮ್ಮೆ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ.

"ಏಳು ಗಂಟ್ಗೆ ಸಾಹೇಬ್ರು ಬತ್ತರೆ ಕಣ್ರೀ. ಓದ್ಸಲ ಮಾಡ್ದಂಗೆ ಈ ಸಲನೂವೆ ಮಾಡ್ಬುಟ್ರೆ ಮುಗೀತು ನಮ್ ಕತೆ" ಎನ್ನುತ್ತಾರೆ.

ಸಾಹೇಬರು ಅಂದರೆ ರುದ್ರಸ್ವಾಮಿ. ಮಕ್ಕಳನ್ನು ನಾಲ್ಕು ಗೋಡೆಯಿಂದಾಚೆ ಕರೆದೊಯ್ದು ಪರಿಸರ ಪರಿಚಯಿಸುವ ಕೆಲಸಗಳಿಗೆ ಅನುದಾನ ಕೊಡುವ ಪ್ರತಿಷ್ಠಾನವೊಂದರ ಪರಿಶೀಲಕರು. ಕೆಸರೆಯ ಸರ್ಕಾರಿ ಶಾಲೆಯೊಂದರ ಈ ಮಕ್ಕಳು ಊರಿನ ಆ ತುದಿಯಿಂದ ಈ ತುದಿಗೆ ಬರುವ ವ್ಯಾನು, ಅವರ ವಿಮೆ, ಹಿಂತಿರುಗುವಾಗ ಸಿಗುವ ಉಪ್ಪಿಟ್ಟು ಬಾಳೆಹಣ್ಣು, ಎಲ್ಲವೂ ಆ ಅನುದಾನದ್ದು. ಅದು ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಯುತ್ತದೋ ಇಲ್ಲವೋ ಎಂಬುದು ಇವತ್ತಿನ ಭೇಟಿಯ ಮೇಲೆ ನಿಂತಿದೆ.

ಸಣ್ಣಮಾದಯ್ಯನವರಿಗೆ ಅರವತ್ತೊಂದು ವರ್ಷ. ಟಿ. ನರಸೀಪುರದ ಕಡೆಯವರು. ಇಪ್ಪತ್ತಾರು ವರ್ಷ ಖಾಸಗಿ ತೋಪೊಂದರಲ್ಲಿ ಕಾವಲುಗಾರರಾಗಿದ್ದರು. ತೋಪು ಮಾರಾಟವಾಗಿ ಲೇಔಟ್ ಆಯಿತು, ಇವರು ಕೆಸರೆಗೆ ಬಂದು ಶಾಲೆಯ ಗೇಟು ಕಾಯತೊಡಗಿದರು. ಆಟದ ಬಿಡುವಿನಲ್ಲಿ ಒಂದಿಬ್ಬರು ಮಕ್ಕಳಿಗೆ ಮರದ ಮೇಲಿನ ಕುಟ್ರು ಹಕ್ಕಿಯ ಕೂಗು ಕೇಳಿಸಿದ್ದೇ ನೆಪ. ವಿಜ್ಞಾನದ ಶಾಲಿನಿ ಮೇಡಂ ಅದನ್ನು ಕಂಡು ಎಲ್ಲೆಲ್ಲಿಗೋ ಅರ್ಜಿ ಬರೆದರು. ನಾಲ್ಕು ವರ್ಷ, ನೂರ ನಲವತ್ತಕ್ಕೂ ಹೆಚ್ಚು ಭಾನುವಾರಗಳು. ಮಕ್ಕಳ ಬಾಯಲ್ಲಿ ಇವರೀಗ ಕೆರೆ ಮೇಷ್ಟ್ರು.

ಈ ಮೇಷ್ಟ್ರ ಪಾಠ ವಿಚಿತ್ರ. ಬಂದ ಕೂಡಲೇ ಪ್ರತಿ ಮಗುವೂ ಒಂದೊಂದು ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಇಪ್ಪತ್ತೈದು ನಿಮಿಷ ಮಾತಿಲ್ಲ. ಹೊಸ ದನಿಯೊಂದು ಕೇಳಿದರೆ ಒಂದು ಬೆರಳು ಮಡಚಬೇಕು. ವಾಕಿಂಗಿಗೆ ಬರುವ ಹಿರಿಯರೊಬ್ಬರು ಇದನ್ನು ನೋಡಿ, ಪಾಪ, ಮಕ್ಕಳಿಗೇಕೆ ಶಿಕ್ಷೆ ಎಂದು ಜಗಳಕ್ಕೇ ಬಂದಿದ್ದರಂತೆ.

"ತೋಪಲ್ಲಿ ಮರ ಕುಯ್ಯೋರ್ನ ಹಿಡಿಯಕ್ಕೆ ಕಣ್ಣು ಸಾಲ್ದು, ಕಿವಿ ಬೇಕು. ಸುಮ್ಕೆ ಕೂತು ಕೂತು ಕಲ್ತಿದ್ದು ನಾನು. ಇನ್ನೆಂಗೆ ಏಳ್ಕೊಡ್ಲಿ? ನಂಗೆ ಬರೋದು ಇದೊಂದೇಯ" ಎನ್ನುತ್ತಾರೆ.

ಎಡವಟ್ಟಾದದ್ದೂ ಇದರಿಂದಲೇ. ಎರಡು ತಿಂಗಳ ಹಿಂದೆ ರುದ್ರಸ್ವಾಮಿ ಮುನ್ಸೂಚನೆಯಿಲ್ಲದೆ ಬಂದಾಗ, ಯಾರೋ ವಾಕಿಂಗಿನವರು ಅಂದುಕೊಂಡ ಸಣ್ಣಮಾದಯ್ಯ ತುಟಿಯ ಮೇಲೆ ಬೆರಳಿಟ್ಟು, ಆಚೆ ಹೋಗಿ ಎಂದು ಕೈಸನ್ನೆ ಮಾಡಿಬಿಟ್ಟರು. ಅನುದಾನ ಕೊಡುವವರನ್ನೇ! ಅವರು ಹತ್ತು ನಿಮಿಷ ನಿಂತು ಹೊರಟುಹೋದರು. 'ಭೇಟಿಯ ವೇಳೆ ಯಾವುದೇ ಚಟುವಟಿಕೆ ಕಂಡುಬರಲಿಲ್ಲ' ಎಂದು ಪತ್ರ ಬಂತು. ಜೊತೆಗೆ, ಕೊನೆಯದಾಗಿ ಇನ್ನೊಂದು ಭೇಟಿ ಇರುತ್ತದೆ ಎಂದೂ ಅದರಲ್ಲಿತ್ತು.

ಹಾಗಾಗಿ ಇವತ್ತು ಶಾಲಿನಿ ಮೇಡಂ ಬ್ಯಾನರ್ ತಂದಿದ್ದಾರೆ, ಚಾರ್ಟ್ ತಂದಿದ್ದಾರೆ, ಕ್ವಿಜ್ ಬರೆದುಕೊಂಡಿದ್ದಾರೆ. "ಇವತ್ತೊಂದು ದಿನ ಕೂರಿಸ್ಬೇಡಿ ಮಾದಯ್ಯನೋರೇ. ಏಳು ಗಂಟೆಗೆ ವಿಷಲ್ ಊದಿ, ಮಕ್ಕಳು ಓಡಾಡ್ಲಿ, ಕುಣೀಲಿ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಕೈ ಮುಗಿಯುತ್ತಾರೆ.

ಆದರೆ ಅಭ್ಯಾಸವನ್ನು ಮಕ್ಕಳಿಗೆ ಬಿಡಿಸುವವರು ಯಾರು? ಮೇಡಂ ಬ್ಯಾನರ್ ಬಿಚ್ಚುವಷ್ಟರಲ್ಲಿ ಇಪ್ಪತ್ತೆರಡೂ ತಮ್ಮ ತಮ್ಮ ಮರ ಹುಡುಕಿಕೊಂಡು ಕೂತಾಗಿದೆ. ಸಣ್ಣಮಾದಯ್ಯ ವಿಷಲ್ ಬಾಯಿಗಿಡುತ್ತಾರೆ. ದಡದ ಮರದಲ್ಲಿ ಬೆಳ್ಳಕ್ಕಿಗಳು ಇನ್ನೂ ಎದ್ದಿಲ್ಲ. ಒಂದು ಸಲ ಊದಿದರೆ ಅಷ್ಟೂ ಹಾರಿಹೋಗುತ್ತವೆ. ಅವರು ಮೇಡಂ ಕಡೆ ನೋಡುತ್ತಾರೆ, ಮಕ್ಕಳ ಕಡೆ ನೋಡುತ್ತಾರೆ. ವಿಷಲ್ಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಮೇಡಂ ಚಾರ್ಟು ಮಡಚಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ.

ಏಳಕ್ಕೆ ಐದು ನಿಮಿಷವಿರುವಾಗ ಫೈಲು ಹಿಡಿದ ರುದ್ರಸ್ವಾಮಿ ದಾರಿಯ ತಿರುವಿನಲ್ಲಿ ಕಾಣಿಸುತ್ತಾರೆ. ಏನೋ ಕೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಆರನೇ ತರಗತಿಯ ಕೀರ್ತಿ ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಖಾಲಿ ಮರ ತೋರಿಸುತ್ತಾಳೆ! ಅವರು ಯಾರೆಂದು ಆ ಹುಡುಗಿಗೇನು ಗೊತ್ತು. ಸಣ್ಣಮಾದಯ್ಯ ಕಣ್ಣು ಮುಚ್ಚಿಕೊಳ್ಳುತ್ತಾರೆ.

ರುದ್ರಸ್ವಾಮಿ ಫೈಲನ್ನು ಕಂಕುಳಿಗೆ ಸೇರಿಸುತ್ತಾರೆ. ಆಮೇಲೆ ಕರ್ಚೀಫು ಹಾಸಿ, ಪ್ಯಾಂಟು ಎಳೆದುಕೊಂಡು, ಮರಕ್ಕೆ ಒರಗಿ ಕೂರುತ್ತಾರೆ.

ಕೂತದ್ದು ಮುಗಿದ ಮೇಲೆ ಲೆಕ್ಕ ಒಪ್ಪಿಸುವ ಸರದಿ. ಕೀರ್ತಿಯದು ಒಂಬತ್ತು: ಕೆಂಬೂತ, ಮಿಂಚುಳ್ಳಿ, ಅಳಿಲು, ದೂರದ ನವಿಲು, ಒಣಗಿದೆಲೆ ಬಿದ್ದದ್ದು, ಇನ್ನೂ ಏನೇನೋ. ಪಟಪಟನೆ ಹೇಳಿ ಮುಗಿಸಿದವಳೇ ತಿರುಗಿ, "ನೀವೆಷ್ಟ್ ಮಡಚುದ್ರಿ ಸಾರ್?" ಎನ್ನುತ್ತಾಳೆ. ರುದ್ರಸ್ವಾಮಿ ತಮ್ಮ ಕೈ ನೋಡಿಕೊಂಡು, "ಎರಡಮ್ಮ" ಎನ್ನುತ್ತಾರೆ. "ಮೊದ್ಲ್ ಮೊದ್ಲು ಅಂಗೇ ಸಾರ್" ಎಂದು ಅವಳು ಸಮಾಧಾನ ಹೇಳುತ್ತಾಳೆ. ಅವರು ನಗುವುದಿಲ್ಲ. ಫೈಲು ತೆರೆದು ಏನೋ ಬರೆಯುತ್ತಾರೆ, ಹೊಡೆದು ಹಾಕುತ್ತಾರೆ, ಮತ್ತೆ ಬರೆಯುತ್ತಾರೆ. "ಪತ್ರ ಕಳಿಸ್ತೀವಿ" ಎಂದಷ್ಟೇ ಹೇಳಿ ಹೊರಡುತ್ತಾರೆ.

ಈಗ ಯಾರಿಗೂ ಏನೂ ಗೊತ್ತಿಲ್ಲ. ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದಾರೆ. ವ್ಯಾನಿನ ಚಂದ್ರು ಬಂದು, "ಬರೋ ತಿಂಗ್ಳು ಗಾಡಿ ಬೇಕಾ ಬ್ಯಾಡ್ವಾ ಅಣ್ಣ? ಬೇರೆಯೋರು ಕೇಳ್ತಾವ್ರೆ" ಎನ್ನುತ್ತಾನೆ. ಸಣ್ಣಮಾದಯ್ಯ, "ಇನ್ನೊಂದ್ ವಾರ ತಡ್ಕಳಪ್ಪ" ಎಂದು ಅವನ ಭುಜ ಹಿಡಿದುಕೊಳ್ಳುತ್ತಾರೆ.

ಹೊರಡುವ ಮುನ್ನ ಕೇಳುತ್ತೇನೆ, ಇವತ್ತು ನಿಮ್ಮ ಲೆಕ್ಕ ಎಷ್ಟು?

ಅವರು ಅಂಗೈ ಬಿಡಿಸಿ ನೋಡಿಕೊಳ್ಳುತ್ತಾರೆ. "ಒಂದೂ ಇಲ್ಲ ಕಣ್ರೀ. ನಾಕು ವರ್ಸದಲ್ಲಿ ಇದೇ ಮೊದ್ಲು. ನನ್ನೆದೆ ಬಡ್ಕೊಳದು ಬುಟ್ರೆ ಇನ್ನೇನೂ ಕೇಳ್ನಿಲ್ಲ" ಎನ್ನುತ್ತಾರೆ. ಮಕ್ಕಳು ವ್ಯಾನು ಹತ್ತುವುದನ್ನು ನೋಡುತ್ತಾ ಮತ್ತೆ ಹೇಳುತ್ತಾರೆ: "ಆದ್ರೆ ಆ ಮಕ್ಕಳು ನೋಡಿ, ಅಷ್ಟ್ ದೊಡ್ಡ ಸಾಹೇಬ್ರು ಬಂದ್ರೂವೆ ಒಂದೂ ಮೇಲಕ್ಕೇಳ್ನಿಲ್ಲ. ಇನ್ನೊಂದಷ್ಟು ಬಾನುವಾರ ಕೊಟ್ರೆ ಸಾಕು, ನಾನೂ ಅವರ್ ಜೊತೆ ನೆಮ್ಮದಿಯಾಗಿ ಕೂತ್ಕೊತೀನಿ."