ಕಡಲಕುದುರೆಗೆ ಪಥ್ಯ

ನಲವತ್ತು ದಾಟಿದ ಗಂಡಸಿನ ಹೊಟ್ಟೆ ಅವನ ಖಾಸಗಿ ಆಸ್ತಿಯಲ್ಲ, ಸಾರ್ವಜನಿಕ ಸ್ವತ್ತು ಎಂಬುದನ್ನು ನೀವೂ ಗಮನಿಸಿರಬಹುದು. ತಲೆಗೂದಲು ಉದುರಿದರೆ ಜನ ಸೌಜನ್ಯಕ್ಕಾದರೂ ಬೇರೆ ಕಡೆ ನೋಡುತ್ತಾರೆ. ಕನ್ನಡಕ ಬಂದರೆ ಒಪ್ಪುತ್ತದೆ ಎನ್ನುತ್ತಾರೆ. ಹೊಟ್ಟೆ ಮುಂದೆ ಬಂದರೆ ಮಾತ್ರ, ಪಿಕ್ನಿಕ್ಕಿನಲ್ಲಿ ನನ್ನ ಹೆಸರು ಕೂಡ ಗೊತ್ತಿಲ್ಲದ ಕನ್ನಡಿಗರು ಅದನ್ನು ಬೆರಳಿನಿಂದ ತಿವಿದು, "ಏನ್ ಸಾರ್, ಕೆನಡಾ ಚೆನ್ನಾಗಿ ಒಗ್ಗಿದೆ" ಎಂದು ಪುಳಿಯೋಗರೆಯ ಕಡೆಗೆ ನಡೆದುಬಿಡುತ್ತಾರೆ. ಈ ಅವಮಾನ ನನಗೆ ಹಳೆಯದು. ಆದರೆ ಥಾರ್ನ್‌ಹಿಲ್‌ನ ನಮ್ಮ ಮನೆಯಲ್ಲಿ ಈ ವಿಷಯದಲ್ಲಿ ನನಗೊಬ್ಬ ಸಮದುಃಖಿ ಇದ್ದನೆಂದೂ, ಹೊಟ್ಟೆಯ ದೆಸೆಯಿಂದ ಅವನ ಪ್ರಾಣವೇ ಹೋಗುವುದರಲ್ಲಿತ್ತೆಂದೂ ಹೇಳಿದರೆ ನೀವು ನಂಬುವುದು ಕಷ್ಟ. ಅವನು ಮನುಷ್ಯನಲ್ಲ, ಕಡಲಕುದುರೆ.

ನಮ್ಮ ಒಂಬತ್ತು ವರ್ಷದ ಮಗಳು ಅನಿಕಾಗೆ ಬೇಕಿದ್ದದ್ದು ನಾಯಿ. ಹಿಮ ಬೀಳುವ ಬೆಳಿಗ್ಗೆ ಪ್ಲಾಸ್ಟಿಕ್ ಚೀಲ ಹಿಡಿದು ಆ ನಾಯಿಯ ಹಿಂದೆ ನಡೆಯಬೇಕಾದವನು ನಾನೇ ಎಂಬ ದೂರದೃಷ್ಟಿ ನನಗಿದ್ದುದರಿಂದ, ಸಂಧಾನವು ನಾಯಿಯಿಂದ ಬೆಕ್ಕಿಗೆ, ಬೆಕ್ಕಿನಿಂದ ಮೊಲಕ್ಕೆ ಇಳಿಯುತ್ತ ಬಂದು, ಕೊನೆಗೆ ಬೊಗಳದ, ಕೂದಲುದುರಿಸದ, ವಾಕಿಂಗ್ ಕೇಳದ ಜೀವಿಯೊಂದರಲ್ಲಿ ಬಂದು ನಿಂತಿತು. ಹೀಗೆ ೨೦೧೭ರ ವಸಂತದಲ್ಲಿ ನಮ್ಮ ಫ್ಯಾಮಿಲಿ ರೂಮಿನ ಮೂಲೆಗೆ ಎತ್ತರದ ಗಾಜಿನ ತೊಟ್ಟಿಯೂ, ಅದರೊಳಗೆ ಸಾಕಣೆಯಲ್ಲೇ ಹುಟ್ಟಿ ಸಮುದ್ರವನ್ನೇ ಕಂಡರಿಯದ ಒಂದು ಜೋಡಿ ಕಡಲಕುದುರೆಗಳೂ ಬಂದವು. ಮಗಳು ಗಂಡಿಗೆ ನೂಡಲ್ ಎಂದೂ ಹೆಣ್ಣಿಗೆ ಪಿಕಲ್ ಎಂದೂ ನಾಮಕರಣ ಮಾಡಿದಳು. ನಾನು ಮೈಸೂರಿನ ಬಂಧುವರ್ಗಕ್ಕೆ ವಾಟ್ಸಾಪಿನಲ್ಲಿ, ಮನೆಗೆ ಎರಡು ಕುದುರೆ ಬಂದಿವೆ ಎಂದಷ್ಟೇ ಬರೆದು ಸುಮ್ಮನಾದೆ. ನಮ್ಮ ಚಿಕ್ಕಪ್ಪ, ಹುಲ್ಲು ಎಲ್ಲಿಂದ ತರಿಸುತ್ತೀಯ ಎಂದು ಗಂಭೀರವಾಗಿ ವಿಚಾರಿಸಿದರು.

ಈ ಜೀವಿಯನ್ನು ರೂಪಿಸುವಾಗ ವಿಧಾತನು ಉಳಿದುಬಿದ್ದ ಸಾಮಾನನ್ನೆಲ್ಲ ಖಾಲಿ ಮಾಡಿದಂತಿದೆ. ಕುದುರೆಯ ಮುಖ, ಕೋತಿಯ ಬಾಲ, ಒಂದು ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ತಿರುಗಬಲ್ಲ ಗೋಸುಂಬೆಯ ಕಣ್ಣುಗಳು. ಇಷ್ಟೆಲ್ಲ ಜೋಡಿಸುವ ಸಂಭ್ರಮದಲ್ಲಿ ಜಠರವನ್ನು ಇಡುವುದೇ ಮರೆತುಹೋಗಿದೆ. ಮೀನಾದರೂ ಸರಿಯಾಗಿ ಈಜಲು ಬಾರದು. ಬಾಲವನ್ನು ಯಾವುದಾದರೂ ಕಡ್ಡಿಗೆ ಸುತ್ತಿಕೊಂಡು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಹಾಗೆ ದಿನವಿಡೀ ತೂಗಾಡುತ್ತಿರುತ್ತವೆ. ಜಠರವಿಲ್ಲದ್ದರಿಂದ ತಿಂದದ್ದು ಒಳಗೆ ನಿಲ್ಲುವುದಿಲ್ಲ. ಹೊತ್ತುಹೊತ್ತಿಗೆ, ದಿನಕ್ಕೆ ಮೂರು ಬಾರಿ, ಮಂಜುಗಟ್ಟಿಸಿದ ಪುಟ್ಟ ಸೀಗಡಿಗಳನ್ನು ಕರಗಿಸಿ ಗಾಜಿನ ಕೊಳವೆಯಲ್ಲಿ ಒಂದೊಂದರ ಮೂತಿಯ ಬಳಿಗೇ ಒಯ್ದು ಬಿಡಬೇಕು. ಕೆಲವು ದಿನ ಹಸಿದರೆ ಅವುಗಳ ಕಥೆ ಮುಗಿಯಿತು. ತಲೆಮಾರುಗಳಿಂದ ಮೊಟ್ಟೆಯನ್ನೂ ಒಳಗೆ ಬಿಡದ ವಂಶದ ಫ್ರೀಜರಿನಲ್ಲಿ, ತೆಂಗಿನತುರಿಯ ಪಕ್ಕದಲ್ಲಿ, ಸೀಗಡಿಯ ಡಬ್ಬಿ ಬಂದು ಕುಳಿತದ್ದು ಹೀಗೆ. ಸೆಪ್ಟೆಂಬರಿನಲ್ಲಿ ಅತ್ತೆ ಬರುತ್ತಾರೆಂದು ಗೊತ್ತಾದ ದಿನವೇ ಅದು ಬೇಸ್‌ಮೆಂಟಿನ ಇನ್ನೊಂದು ಫ್ರೀಜರಿಗೆ ವರ್ಗವಾಯಿತು.

ಅತ್ತೆ, ಅಂದರೆ ನನ್ನ ಹೆಂಡತಿ ಶಾಲಿನಿಯ ತಾಯಿ, ಮೈಸೂರಿನ ಹಳೆಯ ಸಂಪ್ರದಾಯದವರು. ಅಳಿಯನೊಡನೆ ನೇರವಾಗಿ ಮಾತನಾಡಿದರೆ ಅವನ ಗೌರವಕ್ಕೆ ಕುಂದು ಎಂದು ಭಾವಿಸಿದವರು. ನಾನು ಎದುರಿಗೇ ಕುಳಿತಿದ್ದರೂ, "ಅವರಿಗೆ ಕಾಫಿ ಬೇಕಂತಾ ಕೇಳೇ" ಎಂದು ಮಗಳನ್ನೇ ಕೇಳುವರು. ಶಾಲಿನಿ ಮನೆಯಲ್ಲಿಲ್ಲದಿದ್ದರೆ ಗೋಡೆಯನ್ನು ಕೇಳುವರು. ನಾನೂ ಗೋಡೆಯ ಮೂಲಕವೇ ಬೇಕು ಎಂದು ಬಿನ್ನವಿಸಿಕೊಳ್ಳುತ್ತಿದ್ದೆ. ಇಂಥವರು ಬಂದ ವಾರದಲ್ಲೇ ಕಡಲಕುದುರೆಗಳ ಊಟದ ಜವಾಬ್ದಾರಿಯನ್ನು ತಾವಾಗಿ ವಹಿಸಿಕೊಂಡದ್ದು ನಮಗೆ ಪರಮಾಶ್ಚರ್ಯ. ನಾವಿಬ್ಬರೂ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವವರು. ನಾನು ಓಕ್‌ವಿಲ್‌ನ ಆಫೀಸಿನಿಂದ ಮರಳುವಷ್ಟರಲ್ಲಿ ತೊಟ್ಟಿಯ ದೀಪವೂ ಆರಿರುತ್ತಿತ್ತು. "ಮೂಕಪ್ರಾಣಿ. ಅದರ ಆಹಾರ ಅದಕ್ಕೆ, ನಮ್ಮದು ನಮಗೆ" ಎಂದರು ಅತ್ತೆ. ಕೊಳವೆಯನ್ನು ಆದಷ್ಟು ದೂರ ಹಿಡಿದು, ಮುಖ ತಿರುಗಿಸಿಕೊಂಡು ಸೀಗಡಿ ಬಿಟ್ಟು, ಪ್ರತಿ ಸಲವೂ ಸ್ನಾನ ಮಾಡುತ್ತಿದ್ದರು. ಪಿಕಲ್‌ಳನ್ನು ಅವರು ಕರೆಯುತ್ತಿದ್ದದ್ದು ಉಪ್ಪಿನಕಾಯಿ ಎಂದು. ಉಪ್ಪುನೀರಿನಲ್ಲೇ ಬಾಳುವವಳಿಗೆ ಅದಕ್ಕಿಂತ ಅನ್ವರ್ಥವಾದ ಹೆಸರಿಲ್ಲ.

ಆಹಾರದ ವಿಷಯದಲ್ಲಿ ಅತ್ತೆಗೆ ಒಂದು ಸಿದ್ಧಾಂತವಿತ್ತು: ಗಂಡಸಿಗೆ ಹೊಟ್ಟೆ ಬಂದರೆ ಅದು ಅಜೀರ್ಣ, ಅಜೀರ್ಣಕ್ಕೆ ಲಂಘನವೇ ಮದ್ದು. ಮಾವನವರನ್ನು ಇದೇ ಸಿದ್ಧಾಂತದ ಬಲದಿಂದ ಬಹುಕಾಲ ಕೃಶಾಂಗರಾಗಿ ಇಟ್ಟಿದ್ದರು. ನನ್ನ ಮೇಲೂ ಅದರ ಪ್ರಯೋಗ ಮೌನವಾಗಿ ನಡೆದಿತ್ತು. ರಾತ್ರಿಯ ಅನ್ನ ಮೊದಲು ಅರ್ಧವಾಗಿ, ಆಮೇಲೆ ಗಂಜಿಯಾಗಿ, ಕೊನೆಗೆ ಒಂದು ಲೋಟ ಮಜ್ಜಿಗೆಯಾಗಿ ಪರಿಣಮಿಸಿದ್ದನ್ನು ನಾನು ದಾಕ್ಷಿಣ್ಯದಿಂದ ಸಹಿಸಿಕೊಂಡಿದ್ದೆ. ಆಫೀಸಿನಲ್ಲಿ ಎರಡು ಸಮೋಸ ತಿಂದು ಬರುತ್ತಿದ್ದ ಕಾರಣ ಈ ಸಹನೆ ನನಗೆ ಸಾಧ್ಯವಾಯಿತು.

ಇನ್ನು, ಕಡಲಕುದುರೆಯ ದಾಂಪತ್ಯದ ಒಂದು ವಿಶೇಷವನ್ನು ನಿಮಗೆ ತಿಳಿಸಬೇಕು. ಅಲ್ಲಿ ಬಸುರಾಗುವುದು ಗಂಡು. ಹೆಣ್ಣು ತನ್ನ ಮೊಟ್ಟೆಗಳನ್ನು ಅವನ ಹೊಟ್ಟೆಯ ಚೀಲಕ್ಕೆ ಒಪ್ಪಿಸಿ ನಿಶ್ಚಿಂತಳಾಗಿ ವಿಹರಿಸುತ್ತಾಳೆ. ಹೊರುವುದು, ಬಳಲುವುದು, ಹೆರುವುದು ಎಲ್ಲವೂ ಅವನ ಪಾಲು. ಅತ್ತೆ ಬರುವ ಹಿಂದಿನ ಶನಿವಾರ ಬೆಳಿಗ್ಗೆ ಜೋಡಿ ಬಾಲ ಹೆಣೆದುಕೊಂಡು ನರ್ತಿಸಿದ್ದನ್ನು ನಾವು ಮೂವರೂ ಕಂಡಿದ್ದೆವು, ನೂಡಲ್‌ನ ಹೊಟ್ಟೆ ದಿನೇದಿನೇ ಉಬ್ಬುವುದನ್ನೂ ನೋಡುತ್ತಿದ್ದೆವು. ಅತ್ತೆಗೆ ನೀರಿನ ಉಷ್ಣ, ಉಪ್ಪಿನ ಪ್ರಮಾಣ, ಕೊಳವೆ ತೊಳೆಯುವ ಕ್ರಮ ಎಲ್ಲವನ್ನೂ ನಾನು ಇಂಜಿನಿಯರನ ಶ್ರದ್ಧೆಯಿಂದ ಗೋಡೆಯ ಮೂಲಕ ವಿವರಿಸಿದ್ದೆ. ಆದರೆ ಅಳಿಯನಾದವನು ಅತ್ತೆಯೆದುರು ನಿಂತು, ಈ ಗಂಡಿಗೆ ಬಸುರು ಎಂದು ಹೇಳುವುದುಂಟೇ? ಅದನ್ನು ಶಾಲಿನಿ ಹೇಳುವಳೆಂದುಕೊಂಡೆ. ಶಾಲಿನಿಯೋ, ತೊಟ್ಟಿಯ ವಿಷಯವೆಲ್ಲ ನನ್ನ ಇಲಾಖೆ ಎಂದುಕೊಂಡಳು.

ಅತ್ತೆ ಬಂದ ಎರಡನೆಯ ವಾರ, ಬುಧವಾರ ಸಂಜೆ ಬೇಗ ಬಂದು ನೋಡುತ್ತೇನೆ, ನೂಡಲ್ ತನ್ನ ಕಡ್ಡಿಯನ್ನು ಬಿಟ್ಟು ತೊಟ್ಟಿಯ ತಳದಲ್ಲಿ ಒರಗಿದ್ದಾನೆ. ಬಣ್ಣ ಬಿಳಿಚಿಕೊಂಡಿದೆ, ಹೊಟ್ಟೆಯೊಂದು ಬಿಟ್ಟರೆ ಮಿಕ್ಕ ಮೈಯಲ್ಲಿ ಎಲುಬಿನ ಗೆರೆಗಳೇ ಎದ್ದು ಕಾಣುತ್ತಿವೆ. ಹೆಚ್ಚೆಂದರೆ ಮಗಳ ಕಾಟ ತಪ್ಪಿಸಲು ತಂದ ಪ್ರಾಣಿ. ಅದು ಸಾಯುತ್ತದೆಂದರೆ ಇಷ್ಟು ಸಂಕಟವಾಗುತ್ತದೆಂದು ನಾನು ಎಣಿಸಿರಲಿಲ್ಲ. ನೀರನ್ನು ಪರೀಕ್ಷಿಸಿದೆ, ಉಪ್ಪನ್ನು ಅಳೆದೆ, ಪಂಪು ಬಿಚ್ಚಿ ಜೋಡಿಸಿದೆ. ಎಲ್ಲವೂ ಸರಿಯಾಗಿತ್ತು, ಅವನೊಬ್ಬನನ್ನು ಬಿಟ್ಟು. ಗುರುವಾರ ಅವನು ಕಣ್ಣು ತಿರುಗಿಸುವುದನ್ನೂ ನಿಲ್ಲಿಸಿದ.

ಅಂದು ಸಂಜೆ ಊಟಕ್ಕೆ ಕುಳಿತಾಗ ಅತ್ತೆ ಶಾಲಿನಿಯ ಕಡೆ ತಿರುಗಿ, "ಶಾಲೂ, ಅವನ ಹೊಟ್ಟೆ ಇನ್ನೂ ಇಳಿದಿಲ್ಲ ಕಣೇ. ಸೋಮವಾರದಿಂದ ಒಂದು ಹೊತ್ತೂ ಹಾಕಿಲ್ಲ, ಎಲ್ಲಾ ಉಪ್ಪಿನಕಾಯಿಗೇ ಹಾಕ್ತಿದೀನಿ. ಆದ್ರೂ ಹಾಗೇ ಇದೆ" ಎಂದರು.

ನಾನು ಮೊದಲು ನನ್ನ ಹೊಟ್ಟೆಯನ್ನು ಒಳಗೆಳೆದುಕೊಂಡೆ. ಅರ್ಥವಾದದ್ದು ಆಮೇಲೆ. ಅಷ್ಟರಲ್ಲಿ ಅನಿಕಾ ಚಮಚ ಕೆಳಗಿಟ್ಟು, "ಅಜ್ಜಿ, ಹಿ ಈಸ್ ನಾಟ್ ಫ್ಯಾಟ್. ಹಿ ಈಸ್ ಪ್ರೆಗ್ನೆಂಟ್" ಎಂದಳು.

"ಯಾರು?"

"ನೂಡಲ್. ದ ಡ್ಯಾಡ್."

ಅತ್ತೆ ಶಾಲಿನಿಯ ಮುಖ ನೋಡಿದರು. "ಹೌದಮ್ಮಾ, ಇವುಗಳಲ್ಲಿ ಗಂಡೇ ಹೊರೋದು. ಇವರು ಹೇಳಿರ್ತಾರೆ ಅಂದ್ಕೊಂಡಿದ್ದೆ" ಎಂದಳು ಶಾಲಿನಿ, ನನ್ನನ್ನು ಸುಡುವ ಹಾಗೆ ನೋಡುತ್ತ. ಗಂಡು ಹೇಗೆ ಹೊರುತ್ತದೆ ಎಂದು ಅತ್ತೆ ಬೆರಗಾಗಿ ಕೇಳುವರೆಂದು ನಾನು ಕಾದೆ. ಅವರು ಕೇಳಲಿಲ್ಲ. "ಬಸುರಿದ್ದ ಜೀವಕ್ಕೆ ಉಪವಾಸ ಹಾಕಿಬಿಟ್ಟೆನಲ್ಲೇ" ಎಂದಷ್ಟೇ ಹೇಳಿ, ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದರು. ಅವರ ಪಾಲಿಗೆ ಗಂಡು ಹೆಣ್ಣು ಎಂಬುದು ಆ ಕ್ಷಣವೇ ಗೌಣವಾಗಿಹೋಗಿತ್ತು. ಏಕಾದಶಿಯಂದು ನೀರನ್ನೂ ಮುಟ್ಟದ ಅವರ ಮನೆಯಲ್ಲೂ ಬಸುರಿಯರಿಗೆ ಉಪವಾಸವಿರಲಿಲ್ಲ.

ಶುಕ್ರವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಉಳಿದುಕೊಂಡೆ. ಬೆಳಿಗ್ಗೆ ಕೊಳವೆಯಲ್ಲಿ ಸೀಗಡಿ ಒಯ್ದು ಅವನ ಮೂತಿಯ ಮುಂದೆ ಬಿಟ್ಟೆ. ಅವು ಹಾಗೇ ತಳಕ್ಕಿಳಿದವು. ಬಾಲಕ್ಕೆ ಆಧಾರ ಸಿಗದೆ ಅವನು ನೀರಿನ ಸೆಳೆತಕ್ಕೆ ಅತ್ತಿತ್ತ ಉರುಳುತ್ತಿದ್ದ. ಇನ್ನು ಆಸೆಯಿಲ್ಲವೆಂದು ನಿಶ್ಚಯಿಸಿ, ಮಗಳಿಗೆ ಏನು ಹೇಳುವುದೆಂದು ಯೋಚಿಸುತ್ತ ಬೇಸ್‌ಮೆಂಟಿಗೆ ಇಳಿದು ಮೀಟಿಂಗಿನಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಸಾರು ಸೀಯುವ ವಾಸನೆ ಬಂತು. ಅತ್ತೆ ಒಲೆಯ ಮೇಲಿಟ್ಟದ್ದು ಸೀದ ಚರಿತ್ರೆಯೇ ಇಲ್ಲವಾದ್ದರಿಂದ ಗಾಬರಿಯಾಗಿ ಮೇಲೆ ಓಡಿದೆ.

ಅತ್ತೆ ಸೆರಗು ಬಿಗಿದು, ಬಳೆಗಳನ್ನು ಮೇಲೆ ಸರಿಸಿ, ಮೊಣಕೈವರೆಗೂ ತೊಟ್ಟಿಯೊಳಗೆ ಕೈಯಿಟ್ಟು ನಿಂತಿದ್ದರು. ನೂಡಲ್ ಬಾಲವನ್ನು ಅವರ ತೋರುಬೆರಳಿಗೆ ಸುತ್ತಿಕೊಂಡು ನೆಟ್ಟಗೆ ನಿಂತಿದ್ದ. ಇನ್ನೊಂದು ಕೈಯಿಂದ ಅವರು ಸೀಗಡಿಯನ್ನೇ ಬೆರಳಲ್ಲಿ ಹಿಡಿದು ಅವನ ಮೂತಿಗೆ ತಾಗಿಸುತ್ತಿದ್ದರು. ಚಟ್ಟೆಂದು ಸಣ್ಣ ಸದ್ದಾಯಿತು, ಸೀಗಡಿ ಮಾಯವಾಯಿತು. ಅತ್ತೆ ನನ್ನನ್ನೇ ನೋಡಿ, ಮೆಲುದನಿಯಲ್ಲಿ, "ಒಲೆ ಆರಿಸಿಬಿಡಿ. ನಾನು ಕೈ ತೆಗೆಯೋ ಹಾಗಿಲ್ಲ, ಅವನು ತಿಂತಿದಾನೆ" ಎಂದರು. ಹನ್ನೊಂದು ವರ್ಷದ ಬಾಂಧವ್ಯದಲ್ಲಿ ಅವರು ನೇರವಾಗಿ ನನಗೆ ಹೇಳಿದ ಮೊದಲ ಮಾತು ಅದು. ನಾನು ಒಲೆ ಆರಿಸಿದೆ.

ಮುಂದಿನ ವಾರ ಭಾನುವಾರ ಬೆಳಿಗ್ಗೆ ಅವನು ಬಾಗಿ ಬಾಗಿ ನಿಗುರುತ್ತ ಹೆತ್ತ. ಜೀರಿಗೆಯಷ್ಟು ಮರಿಗಳು ಮೋಡದ ಹಾಗೆ ಹೊರಬಿದ್ದವು. ಅಷ್ಟು ಸಣ್ಣದಕ್ಕೂ ಕುದುರೆಯ ಮುಖ, ಅಷ್ಟು ಸಣ್ಣದಕ್ಕೂ ಸುತ್ತಿದ ಬಾಲ. ಅನಿಕಾ ಕುಣಿದಳು, ಶಾಲಿನಿ ವೀಡಿಯೊ ಹಿಡಿದಳು, ನಾನು ಗಾಜಿಗೆ ಮೂಗು ಒತ್ತಿ ಎಣಿಸಲು ಹೋಗಿ ಲೆಕ್ಕ ತಪ್ಪಿದೆ. ಅತ್ತೆ ಹಿಂದಿನಿಂದ ಬಂದು ನನ್ನ ಕೈಗೆ ಸೀಗಡಿಯ ಬಟ್ಟಲನ್ನು ಕೊಟ್ಟರು.

"ಮರಿ ನೋಡೋಕೆ ಎಲ್ಲರೂ ಇದ್ದೀರಿ. ಹೆತ್ತವನಿಗೆ ಊಟ ಹಾಕೋರು ಯಾರು?" ಎಂದು ಹೇಳಿ, ಬಳೆಗಳನ್ನು ಮೇಲೆ ಸರಿಸಿಕೊಂಡು, ಅವನ ಬಾಲದ ಬಳಿ ಬೆರಳು ಚಾಚಿದರು.